ಮನೆಗೊಂದಾಳು

ಆ ವಾಸನೆ ವಿಭಾಳಿಗೆ ಮೊದಲು ಗೊತ್ತಾದದ್ದು ಏಳು ವರ್ಷದವಳಿದ್ದಾಗ, ನಾಗಿಯ ಬಾಯಿಂದ. ಕತಗಾಲದ ಅವರ ಬ್ರಾಹ್ಮಣ ಮನೆಗೆ ಭತ್ತ ಕುಟ್ಟಲು, ಅಂಗಳ ಸಾರಿಸಲು ಬರುತ್ತಿದ್ದ ನಾಗಿ ಕೆಲಸ ಮುಗಿಸಿ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಹುಡುಗಿಯನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತಾ ಹಾಡು ಹೇಳುತ್ತಿದ್ದಳು. ಒಂದು ವರ್ಷ ಆ ಹಾಡಿನ ಜೊತೆಗೆ ಇನ್ನೊಂದು ಬರತೊಡಗಿತು. ಎರಡು ದಿನ ಬಾಚದೆ ಬಿಟ್ಟ ಕೊಟ್ಟಿಗೆಯ ಘಾಟು, ಅದರೊಳಗೆ ತುಕ್ಕು ಹಿಡಿದ ಕೊಡದ ನೀರಿನ ವಾಸನೆ. "ನಾಗಿ, ನಿನ್ನ ಬಾಯಿ ನಾತ" ಎಂದು ಹುಡುಗಿ ಮುಖ ತಿರುಗಿಸಿದಳು. ನಾಗಿ ಬೇಸರ ಮಾಡಿಕೊಳ್ಳಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹಾಡನ್ನು ಬಿಟ್ಟ ಸಾಲಿನಿಂದ ಮುಂದುವರಿಸಿದಳು. ಆಮೇಲೆ ದಿನವೂ ಸೆರಗು ಹಿಡಿದೇ ಹಾಡಿದಳು. ದೀಪಾವಳಿಯ ಹೊತ್ತಿಗೆ ಅವಳು ಬರುವುದು ನಿಂತಿತು. ಮೈ ಬಾತು ಸತ್ತಳಂತೆ ಎಂದು ಯಾರೋ ಹೇಳಿದರು. ಆ ಮಾತು ಅಲ್ಲಿಗೆ ಮುಗಿಯಿತು.

ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದುವಾಗ ಒಂದು ಬೆಳಿಗ್ಗೆ ವಾರ್ಡಿನ ಹಾಸಿಗೆಯೊಂದರ ಮೇಲೆ ಬಾಗಿದಾಗ ಅದೇ ವಾಸನೆ ಬಂತು. ಕಿಡ್ನಿ ಸೋತವರ ಉಸಿರು ಹೀಗಿರುತ್ತದೆ ಎಂದು ಗುರುಗಳು ಹೇಳಿದರು. ಉಳಿದ ವಿದ್ಯಾರ್ಥಿಗಳು ಬರೆದುಕೊಂಡರು. ವಿಭಾ ಬರೆದುಕೊಳ್ಳಲಿಲ್ಲ. ಮುಂದೆ ಯಾವ ಶಾಖೆ ಹಿಡಿಯಬೇಕು ಎಂದು ಅವಳಿಗೆ ಅಂದೇ ತೀರ್ಮಾನವಾಗಿತ್ತು.

ಈಗ ಅವಳಿಗೆ ಐವತ್ತೆಂಟು. ದೊಡ್ಡ ಊರುಗಳಲ್ಲಿ ದುಡಿದು, ನಲವತ್ತು ದಾಟಿದ ಮೇಲೆ ಕುಮಟೆಗೆ ಮರಳಿ, ಒಂದು ಟ್ರಸ್ಟಿನ ಆಸ್ಪತ್ರೆ ಸೇರಿದಳು. ಅಲ್ಲಿ ಒಂದು ಸಂಗತಿ ಅವಳನ್ನು ಕಾಡಿತು. ಪೇಟೆಯವರ ಕಿಡ್ನಿ ಕಾಯಿಲೆ ಬೇಗ ಗೊತ್ತಾಗುತ್ತದೆ, ಮಕ್ಕಳ ಮದುವೆ ಮುಂಜಿ ನೋಡಿಕೊಂಡು ಇಪ್ಪತ್ತು ವರ್ಷ ಬದುಕುತ್ತಾರೆ. ಗದ್ದೆಯ ಕೆಲಸದವರು ಬರುವುದೇ ಕೊನೆಯ ವಾರದಲ್ಲಿ. ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡ ಇಲ್ಲ, ಆದರೂ ಕಿಡ್ನಿ ಒಣಗಿರುತ್ತದೆ. ಯಾಕೆ? ಅದನ್ನು ತಿಳಿಯಲು ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲ್ಲೂಕಿನ ಕೊಪ್ಪಗಳಲ್ಲಿ, ಅಂದರೆ ಗದ್ದೆ ದುಡಿಯುವ ಒಕ್ಕಲು ಜನರ ಕೇರಿಗಳಲ್ಲಿ, ನಾನೂರ ಹನ್ನೆರಡು ಜನರನ್ನು ಆರಿಸಿ, ಪ್ರತಿಯೊಬ್ಬರ ಹೆಸರಿಗೂ ಒಂದು ಕಾರ್ಡು ಮಾಡಿಸಿದಳು. ವರ್ಷಕ್ಕೊಮ್ಮೆ, ಭತ್ತದ ಸಸಿ ನಡುವ ನೆಟ್ಟಿ ಮುಗಿದ ವಾರ, ಒಂದು ಸೀಸೆ ರಕ್ತ, ಒಂದು ಬಾಟಲಿ ಮೂತ್ರ. ಹನ್ನೊಂದು ವರ್ಷ ಹೀಗೆ ನಡೆಯಿತು.

ಫಲಿತಾಂಶ ವಿಚಿತ್ರವಾಗಿತ್ತು. ಆರನೆಯ ವರ್ಷದ ಹೊತ್ತಿಗೂ ಅಂಕಿಗಳು ಇದ್ದಲ್ಲೇ ಇದ್ದವು. ಈ ಜನರಲ್ಲಿ ಕಾಯಿಲೆ ಇದ್ದರೂ ಏರುವುದಿಲ್ಲ, ಬಹುಶಃ ಇವರ ಆಹಾರವೋ ದುಡಿಮೆಯೋ ಕಾಯುತ್ತಿದೆ ಎಂದು ಅವಳು ಬರೆದಳು. ಆ ಲೇಖನ ಹೆಸರು ಮಾಡಿತು. ದೆಹಲಿಗೆ, ಸಿಂಗಪುರಕ್ಕೆ ಕರೆದರು. ಕೊಪ್ಪಗಳಿಗೆ ಬಂದುಹೋಗುವ ಕಿಡ್ನಿ ತಪಾಸಣೆಯ ವ್ಯಾನು ಬೇಕೆಂಬ ಹಳೆಯ ಅರ್ಜಿ ಸರ್ಕಾರದ ಮೇಜಿನ ಮೇಲಿತ್ತು. ಅದನ್ನು ಬರೆದವಳೂ ಅವಳೇ. ಅವಳ ಲೇಖನವನ್ನೇ ತೋರಿಸಿ, ಅಗತ್ಯವಿಲ್ಲವೆಂದು ಅದನ್ನು ಬದಿಗಿಟ್ಟರು. ಅವಳಿಗೆ ಬೇಸರವಾದರೂ ಒಳಗೊಳಗೆ ಸಮಾಧಾನವೇ ಆಗಿತ್ತು. ಬಡವರಿಗೆ ಪ್ರಕೃತಿಯಾದರೂ ಕರುಣೆ ತೋರಿತಲ್ಲ ಎಂದುಕೊಂಡಿದ್ದಳು.

ಈ ಸಲ ಆಗಸ್ಟಿನ ಒಂದು ಸೋಮವಾರ ಲಕ್ಕಿ ಬಂದಳು. ಹಳದೀಪುರದ ಒಳಗಿನ ಕೊಪ್ಪದವಳು, ಐವತ್ತೆರಡು ವಯಸ್ಸು. ಕಣ್ಣ ರೆಪ್ಪೆ ಬಾತಿತ್ತು, ಕಾಲಿನ ಮೇಲೆ ಬೆರಳೊತ್ತಿದರೆ ಕುಳಿ ಹಾಗೇ ನಿಲ್ಲುತ್ತಿತ್ತು. ಅವಳನ್ನು ತೋಳು ಹಿಡಿದು ತಂದವಳು ಸೊಸೆ ಹೇಮಾ. ಲಕ್ಕಿಯ ಮಗ ವಿನೋದ ಭಟ್ಕಳ ಬಂದರಿನ ಬೋಟಿನಲ್ಲಿ ದುಡಿಯುತ್ತಾನೆ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ. ವಿಭಾ ಹತ್ತಿರ ಬಾಗುವ ಮೊದಲೇ ವಾಸನೆ ಅವಳನ್ನು ತಲುಪಿತ್ತು.

"ಎಷ್ಟು ದಿನ ಆತು ಹೀಗೆ?"

"ವಾಂತಿ ಒಂದು ವಾರದಿಂದ" ಎಂದಳು ಹೇಮಾ. "ಸುಸ್ತು ಮೊದ್ಲಿಂದನೂ ಇತ್ತು. ಹೆದ್ರೂದೆಂತ ಇಲ್ಲ ಅಂದ್ಕಂಡಿದ್ವಿ. ನಿಮ್ಮ ಕಾರ್ಡಲ್ಲಿ ಪ್ರತಿ ವರ್ಷ ಚೊಲೋ ಅದೆ ಅಂತೇ ಬರೀತಿದ್ರಲ್ಲ."

ಅವಳು ಪ್ಲಾಸ್ಟಿಕ್ ಚೀಲದಿಂದ ಕಾರ್ಡು ತೆಗೆದು ಕೊಟ್ಟಳು. ನಂಬರು ಇನ್ನೂರ ಹದಿನಾಲ್ಕು. ಲಕ್ಕಿ ಹಮ್ಮ ಗೌಡ. ಸಾಲಾಗಿ ಹನ್ನೊಂದು ವರ್ಷದ ಕ್ರಿಯಾಟಿನಿನ್, ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಅಂಕಿ: ಒಂದರ ಮೇಲೆ ಹೋದದ್ದೇ ಇಲ್ಲ. ಕೊನೆಯದು ಬರೆದು ಮೂರು ವಾರ ಆಗಿತ್ತಷ್ಟೆ. ಅವತ್ತು ಮಧ್ಯಾಹ್ನ ಬಂದ ವರದಿಯಲ್ಲಿ ಹನ್ನೊಂದೂ ಕಾಲು ಇತ್ತು. ವಿಭಾ ಲ್ಯಾಬಿನವರನ್ನು ಗದರಿದಳು, ಎದುರು ನಿಂತು ಮತ್ತೊಮ್ಮೆ ರಕ್ತ ತೆಗೆಸಿದಳು. ಅಂಕಿ ಬದಲಾಗಲಿಲ್ಲ. ಸ್ಕ್ಯಾನಿನಲ್ಲಿ ಎರಡೂ ಕಿಡ್ನಿ ಒಣಗಿದ ಹುಣಸೆಬೀಜದ ಹಾಗೆ ಕುಗ್ಗಿ ಕಂಡವು. ಕಿಡ್ನಿ ಮೂರು ವಾರದಲ್ಲಿ ಹಾಗೆ ಕುಗ್ಗುವುದಿಲ್ಲ. ಅದಕ್ಕೆ ವರ್ಷಗಳು ಬೇಕು.

ಲಕ್ಕಿಯ ಕುತ್ತಿಗೆಗೆ ನಳಿಗೆ ಹಾಕಿ ಮೊದಲ ಡಯಾಲಿಸಿಸ್ ಮಾಡಿಸಿದ ಮೇಲೆ ವಿಭಾ ಹೇಮಾಳನ್ನು ಬದಿಗೆ ಕರೆದಳು.

"ತಂಗಿ, ಜುಲೈಯಲ್ಲಿ ಅತ್ತೆ ಕ್ಯಾಂಪಿಗೆ ಬಂದಿದ್ರಾ?"

"ಅತ್ತೆ ಎಲ್ಲಿ ಬರ್ತ್ರು? ನಾ ಬಂದಿದ್ದೆ." ಹೇಮಾಳ ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು. "ಮದುವೆಯಾಗಿ ಒಂಬತ್ತು ವರ್ಷ ಆತು, ಒಂದು ವರ್ಷನೂ ಅವ್ರನ್ನ ಕಳ್ಸಲಿಲ್ಲ. ಸೂಜಿ ಅಂದ್ರೆ ಹೆದ್ರಿಕೆ ಅವ್ರಿಗೆ. ನಾ ಗಟ್ಟಿ ಇದ್ದೆ, ಒಂದು ಸೀಸೆ ಹೋದ್ರೆ ಎಂತ ಆಗ್ತದೆ?"

"ನರ್ಸು ಲಕ್ಕಿಯಾ ಅಂತ ಕೇಳ್ತಿರ್ಲಿಲ್ವಾ?"

"ಕೇಳ್ತಿದ್ರು. ಹೂಂ ಅಂತಿದ್ದೆ. ಲಕ್ಕಿ ಮನೆಯಿಂದನೇ ಅಲ್ದಾ ಬಂದದ್ದು?"

"ಒಳ್ಳೇದು ಮಾಡಿದೆ" ಎಂದಿತು ವಿಭಾಳ ಬಾಯಿ.

ಮರುದಿನ ಅವಳು ತನ್ನ ಸಹಾಯಕ ಅನೂಪನೊಡನೆ ಕೊಪ್ಪಕ್ಕೆ ಹೋದಳು. ಕೊಪ್ಪದ ಹಿರಿಯ ಕುಪ್ಪ ಗೌಡ ಅಂಗಳದಲ್ಲಿ ಮಡ್ಲು ಹೆಣೆಯುತ್ತಿದ್ದ. ತೆಂಗಿನ ಗರಿ ಬದಿಗಿಟ್ಟು ಮಣೆ ತರಿಸಿ, ಅದನ್ನು ತನ್ನ ಪಂಚೆಯ ತುದಿಯಿಂದ ಒರೆಸಿ ಕೂರಿಸಿದ. ಪಕ್ಕದ ಮನೆಯ ಕಾಳಿಯೂ ಬಂದು ಕಂಬಕ್ಕೆ ಒರಗಿದಳು.

"ಕುಪ್ಪಣ್ಣ, ಈ ಕಾರ್ಡು ಲಕ್ಕಿದು ಅಲ್ದಾ?"

"ಲಕ್ಕಿ ಮನೆದು."

"ಮನೆದಲ್ಲ, ಲಕ್ಕಿದು."

"ಅದೇ ಅಲ್ರಾ ಅಮ್ಮ, ಲಕ್ಕಿ ಮನೆದು." ಇಷ್ಟು ಓದಿದವಳಿಗೆ ಇದು ತಿಳಿಯುವುದಿಲ್ಲವೇ ಎನ್ನುವಂತೆ ಅವನು ನೋಡಿದ.

"ಹಾಗಾದ್ರೆ ಉಳಿದ ಮನೆಗಳಿಂದ ರಕ್ತ ಕೊಟ್ಟವರು ಯಾರು?"

"ಯಾರ ಕೈ ಖಾಲಿ ಇತ್ತೋ ಅವ್ರು. ಮೈ ಸರಿ ಇಲ್ದವ್ರನ್ನ ರಕ್ತ ತೆಗೂಕೆ ಕಳ್ಸೂಕೆ ಆಗ್ತದ್ಯಾ? ಅದ್ಕೂ ಒಂದು ನ್ಯಾಯ ಬೇಡ್ವಾ? ಗಟ್ಟಿ ಇದ್ದವ್ರು ಹೋಗ್ಬೇಕು. ಮನೇಲಿ ಯಾರೂ ಇಲ್ದಿದ್ರೆ ಬದಿ ಮನೆಯವ್ರು. ಹೇಮಾ ಮದುವೆಯಾಗಿ ಬರೂದ್ರೊಳಗೆ ಲಕ್ಕಿ ಮನೆದು ಈ ಕಾಳಿನೇ ಎರಡು ವರ್ಷ ಮಾಡಿದಾಳೆ. ಲಕ್ಕಿ ಅದ್ಕೆ ಬದ್ಲು ಇವ್ಳ ಗದ್ದೇಲಿ ಎರಡು ದಿನ ನೆಟ್ಟಿ ಮಾಡಿದ್ಳು."

"ಬಾಟ್ಲಿನೂ?" ಎಂದು ಅನೂಪ ಕೇಳಿದ.

ಕಾಳಿ ಸೆರಗು ಬಾಯಿಗಿಟ್ಟು ನಕ್ಕಳು. "ಅದೆಂತ ಕೇಳ್ತ್ರಿ? ಒಂದು ವರ್ಷ ಕುಪ್ಪಣ್ಣಂದೇ ಮೂರು ಮನೆಗೆ ಹೋಗಿದೆ. ಕೆರೆನೇ ಅದೆ ಅವ್ರ ಹತ್ರ."

"ನೀ ಸುಮ್ನಿರೇ" ಎಂದ ಕುಪ್ಪ. ಅವನಿಗೂ ನಗು ಬಂದಿತ್ತು.

ವಿಭಾ ನಗಲಿಲ್ಲ. ಹನ್ನೊಂದು ವರ್ಷದ ಹಿಂದೆ ಇದೇ ಅಂಗಳದಲ್ಲಿ ನಿಂತು ತಾನು ಹೇಳಿದ ಮಾತು ಅವಳಿಗೆ ನೆನಪಾಗಿತ್ತು. ನೆಟ್ಟಿಯ ದಿನಗಳಲ್ಲಿ ಊರ ಹಿರಿಯ "ಮನೆಗೊಂದಾಳು" ಎಂದು ಕರೆದರೆ ಪ್ರತಿ ಮನೆಯಿಂದ ಒಬ್ಬರು ಗದ್ದೆಗೆ ಇಳಿಯುತ್ತಾರೆ. ಯಾರು ಬಂದರು ಎಂದು ಕೇಳುವ ಪದ್ಧತಿಯಿಲ್ಲ, ಕೇಳಿದರೆ ಆ ಮನೆಗೆ ಅವಮಾನ. ಕಾಯಿಲೆ ಬಿದ್ದ ಮನೆಗೆ ಪಕ್ಕದ ಮನೆಯವರು ತಮ್ಮ ಆಳು ಕೊಟ್ಟು, ಮುಂದೆ ಯಾವತ್ತೋ ಬದಲಿಗೆ ಮುಯ್ಯಾಳು ಪಡೆಯುತ್ತಾರೆ. ವಿಭಾಳ ಅಪ್ಪ ತೋಟದ ಕೆಲಸಕ್ಕೆ ಜನ ಕರೆಸುತ್ತಿದ್ದದ್ದೂ ಹಾಗೆಯೇ. ಮೊದಲ ಕ್ಯಾಂಪಿನ ದಿನ ಜನ ಸೇರದಿದ್ದಾಗ, ಇವರಿಗೆ ಇವರ ರೀತಿಯಲ್ಲೇ ಹೇಳಬೇಕು ಎಂದುಕೊಂಡು ಅವಳೇ ಹೇಳಿದ್ದಳು: "ಕುಪ್ಪಣ್ಣ, ಮನೆಗೊಂದಾಳು ಅಂತ ಕರೆದುಬಿಡಿ." ಅರ್ಧ ಗಂಟೆಯಲ್ಲಿ ಸಾಲು ನಿಂತಿತ್ತು. ಊರ ಕ್ರಮ ಬಲ್ಲವಳು ಎಂದು ತನ್ನ ಮೇಲೆ ತನಗೇ ಮೆಚ್ಚುಗೆಯಾಗಿತ್ತು. ಕಾರ್ಡಿಗೆ ಫೋಟೊ ಬೇಡ, ಹೆಂಗಸರು ಸಂಕೋಚಪಡುತ್ತಾರೆ ಎಂದವಳೂ ಅವಳೇ. ಸುತ್ತಲಿನ ಕೊಪ್ಪಗಳಿಗೂ ಕರೆ ಹೋದದ್ದು ಕುಪ್ಪನಂಥ ಹಿರಿಯರ ಬಾಯಿಂದ, ಅದೇ ಮಾತಿನಲ್ಲಿ. ಗುತ್ತಿಗೆಯ ನರ್ಸುಗಳು ವರ್ಷಕ್ಕೊಬ್ಬರಂತೆ ಬದಲಾದರು. ಕಾರ್ಡಿನ ಹೆಸರು ಓದಿದರು, "ಹೂಂ" ಎಂದವರ ತೋಳಿಗೆ ಸೂಜಿ ಚುಚ್ಚಿದರು.

ಹನ್ನೊಂದು ವರ್ಷ ಅವಳು ಅಳೆದದ್ದು ಕೊಪ್ಪದಲ್ಲಿ ಅವತ್ತು ಗಟ್ಟಿಯಿದ್ದವರನ್ನು. ಕಾಯಿಲೆಯವರನ್ನು ಮನೆಯವರೆಲ್ಲ ಸೇರಿ ಪ್ರೀತಿಯಿಂದ ಮರೆ ಮಾಡಿದ್ದರು.

ಹಿಂದಿರುಗುವಾಗ ಕಾರಿನಲ್ಲಿ ಅನೂಪ ಮೆಲ್ಲಗೆ ಮಾತು ತೆಗೆದ. "ಮೇಡಂ, ಬದಲಿ ಯಾರ್ಯಾರು ಅಂತ ಕೇಳಿ ಆ ನಂಬರು ತೆಗೆದುಬಿಡುವಾ. ಉಳಿದದ್ದು ನಿಲ್ತದೆ."

"ಯಾವ ವರ್ಷ ಯಾರು ಹೋದ್ರು ಅಂತ ಅವರಿಗೇ ನೆನಪಿಲ್ಲ ಅನೂಪ."

"ಹಾಗಾದ್ರೆ..." ಎಂದು ಅವನು ನಿಲ್ಲಿಸಿದ. ಅವನ ಪಿಎಚ್‌ಡಿಯೂ ಅದೇ ಅಂಕಿಗಳ ಮೇಲೆ ನಿಂತಿತ್ತು. "ನೀರು ಕುಡೀರಿ ಮೇಡಂ" ಎಂದು ತನ್ನ ಬಾಟಲಿ ಚಾಚಿದ. ತನ್ನ ಪದವಿಯ ಕಥೆ ಏನು ಎಂದು ಅವನು ಅವತ್ತು ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಮನೆಯಲ್ಲಿ ಗಂಡ ಪ್ರದೀಪ ಬಾಗಿಲು ತೆರೆದವನೇ ಮುಖ ನೋಡಿದ. "ಎಂತ ಆತು? ಮುಖ ಬಾಡಿ ಹೋಯ್ದು."

"ಎಂತೂ ಇಲ್ಲೆ. ಹನ್ನೊಂದು ವರ್ಷ ಮಾಡಿದ್ದು ಸುಳ್ಳಾತು."

ಅವನು ಅವಳ ಕೈಯಿಂದ ಚೀಲ ತೆಗೆದುಕೊಂಡ.

ಒಂದು ವಾರದೊಳಗೆ ಅವಳು ಪತ್ರಿಕೆಗೆ ಬರೆದು ಲೇಖನ ಹಿಂಪಡೆದಳು. ಸರ್ಕಾರಕ್ಕೂ ಬರೆದಳು: ನಾನು ಹೇಳಿದ್ದು ತಪ್ಪು, ಈ ಜನರಲ್ಲಿ ಕಾಯಿಲೆ ಏರುತ್ತಿದೆ, ತಪಾಸಣೆಯ ವ್ಯಾನು ಬೇಕೇ ಬೇಕು. ಫೋನು ಮಾಡಿದ ಅಧಿಕಾರಿ ಸಭ್ಯನಾಗಿದ್ದ. "ಡಾಕ್ಟರೇ, ಏರುತ್ತಿದೆ ಎನ್ನುವುದಕ್ಕೆ ನಿಮ್ಮ ಹತ್ತಿರ ಏನು ಆಧಾರ ಇದೆ?"

"ಆಧಾರ ಇಲ್ಲ. ಅದನ್ನೇ ಬರೆದಿದ್ದೇನೆ."

"ಹಾಗಾದರೆ ಇನ್ನೊಂದು ಅಧ್ಯಯನ ಮಾಡಿ ಕಳಿಸಿ, ನೋಡೋಣ."

ಇನ್ನೊಂದು ಅಧ್ಯಯನ ಎಂದರೆ ಇನ್ನೊಂದು ಹತ್ತು ವರ್ಷ. ಅಲ್ಲಿಯವರೆಗೆ ಲಕ್ಕಿಯರು ಕೊನೆಯ ವಾರದಲ್ಲೇ ಬರುತ್ತಿರುತ್ತಾರೆ. ವಿಭಾಳಿಗೆ ಈಗ ಉಳಿದದ್ದು ಒಂದೇ ಕೆಲಸ. ಬಂದಿರುವ ಈ ಒಬ್ಬ ಲಕ್ಕಿಯನ್ನಾದರೂ ಉಳಿಸಿಕೊಳ್ಳಬೇಕು.

ವಾರಕ್ಕೆ ಎರಡು ಸಲವಾದರೂ ಡಯಾಲಿಸಿಸ್ ಆಗದೆ ಲಕ್ಕಿ ಬದುಕುವ ಹಾಗಿರಲಿಲ್ಲ. ಕುಮಟೆಯಲ್ಲಿ, ಹೊನ್ನಾವರದಲ್ಲಿ ಯಂತ್ರಗಳು ತುಂಬಿದ್ದವು. ಯಾರಾದರೂ ತೀರಿಕೊಂಡರೆ ಮಾತ್ರ ಜಾಗ ಖಾಲಿಯಾಗುತ್ತಿತ್ತು. ಕೊನೆಗೆ ಭಟ್ಕಳದಲ್ಲಿ, ಕೊಲ್ಲಿ ದೇಶಗಳಲ್ಲಿ ದುಡಿಯುವ ಮನೆತನಗಳ ದಾನದಿಂದ ನಡೆಯುವ ಸಣ್ಣ ಕೇಂದ್ರವೊಂದರಲ್ಲಿ ಮಧ್ಯಾಹ್ನದ ಪಾಳಿ ಸಿಕ್ಕಿತು. ಮಂಗಳವಾರ, ಶುಕ್ರವಾರ. ಕೊಪ್ಪದಿಂದ ಹೆದ್ದಾರಿಗೆ ನಡೆದು, ಅಲ್ಲಿಂದ ಎರಡು ಬಸ್ಸು, ನಾಲ್ಕು ಗಂಟೆ ಯಂತ್ರ, ಮತ್ತೆ ಎರಡು ಬಸ್ಸು. ಮೊದಲ ದಿನ ಹಿಂದಿರುಗುವ ಬಸ್ಸು ತಪ್ಪಿ ಅತ್ತೆ ಸೊಸೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬೆಳಗು ಮಾಡಿದರು. ಅದು ಕಿವಿಗೆ ಬಿದ್ದದ್ದೇ ತಡ, ಬೆಳಗಿನ ಪಾಳಿಯ ಇರ್ಷಾದ್ ಸಾಹೇಬರು ತಮ್ಮ ಹೊತ್ತು ಬಿಟ್ಟುಕೊಟ್ಟರು. ಎಪ್ಪತ್ತರ ಮುದುಕ, ಮನೆ ಕೇಂದ್ರದ ಎದುರಿಗೇ. "ನನಗೆ ಬಸ್ಸು ಇಲ್ಲ, ಗದ್ದೆ ಇಲ್ಲ, ಕೂತು ಕೂತು ಬೇಜಾರು. ಮಧ್ಯಾಹ್ನ ಇಲ್ಲಿ ಮಲಗಿದರೆ ಬೀವಿಯ ಬೈಗುಳ ನಾಲ್ಕು ಗಂಟೆ ಕಡಿಮೆ" ಎಂದರು ನರ್ಸಿನ ಹತ್ತಿರ, ಲಕ್ಕಿಗೆ ಕೇಳುವ ಹಾಗೆ.

ವಿಭಾಳೂ ಶುಕ್ರವಾರಗಳಂದು ಭಟ್ಕಳಕ್ಕೆ ಹೋಗತೊಡಗಿದಳು. ಯಂತ್ರದ ಪಕ್ಕ ಕೂತು ನಾಡಿ ನೋಡುವುದು ಬಿಟ್ಟರೆ ಅವಳಿಗೆ ಮಾಡಲು ಏನೂ ಇರುತ್ತಿರಲಿಲ್ಲ. ಎರಡನೆಯ ಶುಕ್ರವಾರ ಹೇಮಾ ಅವಳನ್ನು ವರಾಂಡದಲ್ಲಿ ತಡೆದಳು.

"ಡಾಕ್ಟ್ರಮ್ಮ, ನಂದೊಂದು ಕಿಡ್ನಿ ತೆಗ್ದು ಅತ್ತೆಗೆ ಹಾಕಿ."

"ವಿನೋದನಿಗೆ ಕೇಳಿದ್ಯಾ?"

"ಎಂತಕ್ಕೆ ಕೇಳೂದು? ಅವ್ರು ಬೋಟಿನ ಮೇಲೆ ಇರೂದು, ಅವ್ರದ್ದು ತೆಗೂಕೆ ಆಗೂದಿಲ್ಲ. ನಾ ಮನೇಲಿ ಇರೂದಲ್ದಾ."

ರಕ್ತದ ಗುಂಪು ನೋಡಿಸಿದರು. ಸೊಸೆಯದ್ದು ಹೊಂದಲಿಲ್ಲ. ವಿಷಯ ತಿಳಿದು ಓಡಿಬಂದ ವಿನೋದನದ್ದು ಹೊಂದಿತು, ಆದರೆ ಅವನ ಮೂತ್ರದಲ್ಲಿ ಆಗಲೇ ಪ್ರೊಟೀನು ಹೋಗುತ್ತಿತ್ತು, ಕಿಡ್ನಿ ಸೋಲತೊಡಗಿದ್ದರ ಮೊದಲ ಗುರುತು. ಮೂವತ್ತಾರರ ಗಟ್ಟಿ ಆಳು. ವಿಭಾ ಅವನ ವರದಿಯನ್ನು ಎರಡು ಸಲ ಓದಿದಳು. ಮಾತ್ರೆ ಬರೆದುಕೊಟ್ಟಳು, ಮೂರು ತಿಂಗಳಿಗೊಮ್ಮೆ ಬಾ ಎಂದಳು. "ಬೋಟು ಬಂದಾಗ ಬತ್ತೆ" ಎಂದು ವಿಭಾಳ ಮನೆಮಾತನ್ನೇ ಅಣಕಿಸಿ ಅವನು ನಗಿಸಲು ನೋಡಿದ. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಐದನೆಯ ವಾರ ಲಕ್ಕಿಯ ಕುತ್ತಿಗೆಯ ನಳಿಗೆಯ ಸುತ್ತ ಕೀವಾಯಿತು. ಬದಲಿಸಿದರು. ಯಂತ್ರಕ್ಕೆಂದು ತೋಳಿನ ರಕ್ತನಾಳ ಹೊಲಿದು ಮಾಡಿದ ದಾರಿಯೂ ಕಟ್ಟಿಕೊಂಡಿತು. ಏಳನೆಯ ಶುಕ್ರವಾರ ಹೇಮಾ ಚಾ ತರಲು ಕೆಳಗೆ ಹೋದಾಗ, ಯಂತ್ರಕ್ಕೆ ಕಟ್ಟಿದ ತನ್ನ ರಕ್ತ ಕೊಳವೆಯಲ್ಲಿ ಸುತ್ತುವುದನ್ನು ನೋಡುತ್ತಾ ಲಕ್ಕಿ ಕೇಳಿದಳು.

"ಹೇಮನ ರಕ್ತ ಚೊಲೋ ಇತ್ತು. ಹಾಂಗಾಗಿ ನಂದು ಗೊತ್ತಾಗ್ಲಿಲ್ಲ, ಅಲ್ದಾ?"

ವಿಭಾ ಹೌದೆಂದು ತಲೆಯಾಡಿಸಿದಳು.

"ನಾ ಹೋಗಿದ್ರೆ?"

"ಐದು ವರ್ಷದ ಹಿಂದೇ ಗೊತ್ತಾಗ್ತಿತ್ತು. ಮಾತ್ರೆಯಲ್ಲಿ ಇನ್ನೂ ಹತ್ತು ವರ್ಷ ತಳ್ಳಬಹುದಿತ್ತು." ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ತಪ್ಪು ನಂದು ಲಕ್ಕಿ. ಯಾರು ಕೂತಿದ್ದಾರೆ ಅಂತ ನಾನು ಒಂದು ಸಲನೂ ಮುಖ ನೋಡಲಿಲ್ಲ."

"ನೀವು ಎಷ್ಟು ಮುಖ ನೋಡೂದು." ಲಕ್ಕಿ ಕಣ್ಣು ಮುಚ್ಚಿದಳು. "ಅವ್ಳಿಗೆ ಹೇಳ್ಬೇಡಿ. ಮತ್ತೆ, ಇನ್ನು ನಾ ಬರೂದಿಲ್ಲ. ಅವ್ಳ ಮೈ ಕರಗ್ತಾ ಅದೆ. ಆತು ಅಮ್ಮ, ಸಾಕು."

ವಿಭಾ ವಾದಿಸಿದಳು, ಬೇಡಿಕೊಂಡಳು, ಕಾರು ಕಳಿಸುತ್ತೇನೆ ಎಂದಳು. ಮುಂದಿನ ಮಂಗಳವಾರ ಕಾರು ಹೋಯಿತು. ಕೊಪ್ಪದ ಬಾಯಲ್ಲಿ ಕುಪ್ಪ ಡ್ರೈವರಿಗೆ ಎಳನೀರು ಕೊಟ್ಟು ಖಾಲಿ ಕಾರನ್ನು ಹಿಂದೆ ಕಳಿಸಿದ. ಶುಕ್ರವಾರವೂ ಹಾಗೇ ಆಯಿತು. ಭಟ್ಕಳದಲ್ಲಿ ಇರ್ಷಾದ್ ಸಾಹೇಬರು ಆ ಎರಡೂ ದಿನ ಬೆಳಗಿನ ಹೊತ್ತಿಗೆ ಬರಲಿಲ್ಲ. ಆ ಹೆಂಗಸು ಮನಸ್ಸು ಬದಲಿಸಿ ಬಂದರೆ ಜಾಗ ಇರಲಿ ಎಂದರಂತೆ.

ಕೊನೆಯ ಡಯಾಲಿಸಿಸ್ ಆದ ಒಂಬತ್ತನೆಯ ದಿನ ವಿಭಾ ತಾನೇ ಹೋದಳು. ಲಕ್ಕಿ ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಉಸಿರು ದೀರ್ಘವಾಗಿ, ಗೊಗ್ಗರಾಗಿ ಎಳೆಯುತ್ತಿತ್ತು, ಕರೆದರೆ ಕಣ್ಣು ತೆರೆಯುತ್ತಿರಲಿಲ್ಲ. ವಿನೋದನ ಬೋಟು ಮಂಗಳೂರಿನ ಆಚೆ ಇತ್ತು, ಸುದ್ದಿ ಹೋಗಿತ್ತು. ಕಾಳಿ ತಲೆಯ ಹತ್ತಿರ ಕೂತು ಹತ್ತಿಯನ್ನು ನೀರಲ್ಲಿ ಅದ್ದಿ ತುಟಿ ಒದ್ದೆ ಮಾಡುತ್ತಿದ್ದಳು. ವಿಭಾ ನಾಡಿ ಹಿಡಿದಳು, ಕಾಲಿನ ಬಾವು ನೋಡಿದಳು, ಏದುಸಿರು ತಗ್ಗಲು ಒಂದು ಇಂಜೆಕ್ಷನ್ ಕೊಟ್ಟಳು. ಅದರ ಹೊರತು ಅವಳ ವಿದ್ಯೆಯಲ್ಲಿ ಬೇರೇನೂ ಇರಲಿಲ್ಲ. ಇವತ್ತೋ ನಾಳೆಯೋ ಎಂದು ಎಲ್ಲರಿಗೂ ಗೊತ್ತಿತ್ತು.

ಅವಳು ಹೊರಗೆ ಬಂದು ಜಗಲಿಯ ಅಂಚಿಗೆ ಕೂತಳು. ಬಿಸಿಲು ನೆತ್ತಿಗೆ ಬರುವವರೆಗೂ ಕೂತೇ ಇದ್ದಳು. ಹೇಮಾ ಬಂದು ಕಂಬದ ಆಚೆ ನಿಂತಳು. ಎರಡು ತಿಂಗಳಲ್ಲಿ ಅವಳ ಕುತ್ತಿಗೆಯ ಮೂಳೆ ಎದ್ದಿದ್ದವು.

"ಡಾಕ್ಟ್ರಮ್ಮ, ಒಂದು ಕೇಳ್ತೆ, ಖರೆ ಹೇಳ್ಬೇಕು. ನಾ ರಕ್ತ ಕೊಟ್ಟದ್ಕೇ ಅತ್ತೆದು ತಿಳೀಲಿಲ್ಲ ಅಲ್ದಾ?"

ವಿಭಾ ಅಂಗಳ ನೋಡಿದಳು. ಒಳಗಿನ ಉಸಿರಿನ ಸದ್ದು ಇಲ್ಲಿಗೂ ಕೇಳುತ್ತಿತ್ತು.

"ಇಲ್ಲ" ಎಂದಳು. "ಕಾರ್ಡು ಮಾಡಿದ್ದು ನಾನು, ಕರೆ ಕಳಿಸಿದ್ದು ನಾನು. ನಿನ್ನದೇನೂ ಇಲ್ಲ ತಂಗಿ."

ಹೇಮಾ ಅವಳ ಮುಖವನ್ನೇ ನೋಡಿದಳು. ನಂಬಿದಳೋ, ನಂಬಿದಂತೆ ಮಾಡುವುದು ಮೇಲು ಎಂದುಕೊಂಡಳೋ ಹೇಳುವ ಹಾಗಿರಲಿಲ್ಲ. ಒಳಗೆ ಹೋದಳು. ಕಾಳಿಯೊಡನೆ ಏನೋ ಪಿಸುಗುಟ್ಟಿದ್ದು, ಪಾತ್ರೆಯೊಂದನ್ನು ಬೂದಿ ಹಾಕಿ ತಿಕ್ಕಿದ್ದು, ನೀರು ಸುರಿದದ್ದು ಕೇಳಿತು. ವಿಭಾ ಎದ್ದು ಹೋಗಬೇಕೆಂದುಕೊಂಡಳು. ಚೀಲ ಎತ್ತಿಕೊಂಡವಳು ಮತ್ತೆ ಕೆಳಗಿಟ್ಟಳು.

ಸ್ವಲ್ಪ ಹೊತ್ತಿಗೆ ಹೇಮಾ ಬಾಳೆಲೆ ಹಾಕಿದ ಒಂದು ತಟ್ಟೆ ಹಿಡಿದು ಬಂದಳು. ಕುಚ್ಚಲಕ್ಕಿ ಅನ್ನ, ಹರಿವೆ ಸೊಪ್ಪಿನ ಪಲ್ಯ, ಬದಿಗೊಂದು ಮಾವಿನ ಮಿಡಿಯ ಉಪ್ಪಿನಕಾಯಿ. ವಿಭಾ ತಿನ್ನುವುದಿಲ್ಲವೆಂದು ಮೀನಿನ ಪಾತ್ರೆಯನ್ನು ಅವತ್ತು ಒಲೆಯ ಹತ್ತಿರವೂ ತಂದಿರಲಿಲ್ಲ. ಹನ್ನೊಂದು ವರ್ಷದಲ್ಲಿ ವಿಭಾ ಈ ಕೊಪ್ಪದ ಅನ್ನ ಉಂಡಿರಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳು ವಿಭಾಳ ಕೈಗೆ ಕೊಟ್ಟಳು.